ಎಡಕ್ಕೆ ತಿರುಗುವವರ ಪರವಾಗಿ

ಮಾನ್ಯ ಅಧ್ಯಕ್ಷರೇ, ಶಾರ್ಲೆಟ್ ನಗರದ ಕನ್ನಡ ಬಂಧುಗಳೇ,

ಕಳೆದ ಸಭೆಯಲ್ಲಿ ಹಿರಿಯರೊಬ್ಬರು, ಸ್ಟಾಕ್ ಕಾರ್ ರೇಸ್ ಎಂದರೆ ನಲವತ್ತು ಕಾರುಗಳು ಅಂಡಾಕಾರದ ಟ್ರ್ಯಾಕ್‌ನಲ್ಲಿ ನಾಲ್ಕು ತಾಸು ಎಡಕ್ಕೇ ತಿರುಗುವುದು, ಅದನ್ನು ಸಾವಿರಾರು ಜನ ಹಣ ಕೊಟ್ಟು ನೋಡುವುದು, ಇಷ್ಟೇ ತಾನೆ ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು, ಮಾತು ಚೆನ್ನಾಗಿದ್ದುದರಿಂದ ನಾನೂ ನಕ್ಕೆ. ಆದರೆ ಮೂರ್ಸ್‌ವಿಲ್, ಹಂಟರ್ಸ್‌ವಿಲ್, ಕಾನ್‌ಕಾರ್ಡ್‌ಗಳಲ್ಲಿ ಮನೆ ಮಾಡಿಕೊಂಡು, ಈ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯಲ್ಲಿ ಸ್ಪರ್ಧಿಸುವ ತಂಡಗಳ ಕಾರ್ಯಾಗಾರಗಳ ಮುಂದೆಯೇ ಕಚೇರಿಗೆ ಹೋಗಿಬರುವ ನಾವು ಈ ಆಟವನ್ನು ನೋಡಬೇಕಾದ ಕ್ರಮದಲ್ಲಿ ಒಮ್ಮೆಯಾದರೂ ನೋಡಿ, ಆಮೇಲೆ ಆಕಳಿಸಬೇಕೆಂಬುದು ನನ್ನ ವಿನಂತಿ. ಆಕಳಿಸುವ ಹಕ್ಕನ್ನು ನಾನು ಯಾರಿಂದಲೂ ಕಸಿದುಕೊಳ್ಳುವುದಿಲ್ಲ.

ನನ್ನ ವಾದ ಸರಳವಾಗಿದೆ. ಟಿವಿಯಾಗಲಿ ನಮ್ಮ ಕಣ್ಣಾಗಲಿ ಎಲ್ಲಕ್ಕಿಂತ ಮುಂದಿರುವ ಕಾರಿನ ಬೆನ್ನು ಹತ್ತುತ್ತದೆ. ರೇಸು ನಡೆಯುತ್ತಿರುವುದು ಮಾತ್ರ ಅಲ್ಲಲ್ಲ. ಸವೆಯುತ್ತಿರುವ ಟೈರಿನಲ್ಲಿ, ಇಳಿಯುತ್ತಿರುವ ಇಂಧನದಲ್ಲಿ, ಎರಡು ಕಾರುಗಳ ನಡುವಿನ ಗಾಳಿಯಲ್ಲಿ. ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಟೆಸ್ಟ್ ಪಂದ್ಯದಲ್ಲಿ ಚೆಂಡು ಹಳತಾಗಲೆಂದು ಊಟ ಬಿಟ್ಟು ಕಾಯುತ್ತಿದ್ದ ನಮಗೆ ಟೈರು ಹಳತಾಗುವುದನ್ನು ಕಾಯುವ ವ್ಯವಧಾನ ಇಲ್ಲವೆಂದರೆ ಹೇಗೆ?

ಗಾಳಿಯ ಮಾತು ಬಂದಮೇಲೆ ಹಳೆಯ ಚಾಲಕ ಜೂನಿಯರ್ ಜಾನ್ಸನ್ ಅವರ ಕಥೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು, ಗೊತ್ತಿದ್ದವರು ಕ್ಷಮಿಸಬೇಕು. ಅವರು ನಮ್ಮ ಉತ್ತರ ಕೆರೊಲಿನಾ ರಾಜ್ಯದವರೇ, ಉತ್ತರಕ್ಕಿರುವ ವಿಲ್ಕ್ಸ್ ಕೌಂಟಿಯವರು. ಮನೆಯ ಕಸುಬು ಕಳ್ಳಭಟ್ಟಿ. ರಾತ್ರಿಯಲ್ಲಿ ಬೆಟ್ಟದ ದಾರಿಗಳಲ್ಲಿ ಸಾರಾಯಿ ಸಾಗಿಸುತ್ತಲೇ ಅವರು ಕಾರು ಓಡಿಸುವುದನ್ನು ಕಲಿತದ್ದು. ರಸ್ತೆಯ ಮೇಲೆ ಅಧಿಕಾರಿಗಳ ಕೈಗೆ ಸಿಗದ ಈ ಮನುಷ್ಯ 1956ರಲ್ಲಿ ಭಟ್ಟಿಯ ಬಳಿ ನಿಂತಿದ್ದಾಗ ಸಿಕ್ಕಿಬಿದ್ದು, ಹನ್ನೊಂದು ತಿಂಗಳು ಜೈಲಿನಲ್ಲಿದ್ದು ಬಂದರು. ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ನೀಡಿದ್ದು 1986ರಲ್ಲಿ. ಸರ್ಕಾರದ ಕಡತಗಳು ಎಲ್ಲ ದೇಶಗಳಲ್ಲಿಯೂ ಒಂದೇ ವೇಗದಲ್ಲಿ ಚಲಿಸುತ್ತವೆ.

ಅಂಥವರು 1960ರಲ್ಲಿ ಫ್ಲೋರಿಡಾದ 500 ಮೈಲಿಯ ರೇಸಾದ ಡೇಟೋನಾ 500ಕ್ಕೆ ಹೋದರು. ಆ ಟ್ರ್ಯಾಕ್ ತೆರೆದು ಒಂದೇ ವರ್ಷವಾಗಿತ್ತು: ಎರಡೂವರೆ ಮೈಲಿ ಸುತ್ತಳತೆ, ತಿರುವುಗಳಲ್ಲಿ 31 ಡಿಗ್ರಿ ಓರೆ. ಜಾನ್ಸನ್ ಅವರಿಗೆ ಸಿಕ್ಕಿದ್ದ ಶೆವರ್ಲೆ ಕಾರು ಎದುರಾಳಿಗಳ ಪಾಂಟಿಯಾಕ್ ಕಾರುಗಳ ಮುಂದೆ ತೀರ ನಿಧಾನ. ಅಭ್ಯಾಸದ ವೇಳೆ ಒಂದು ಪಾಂಟಿಯಾಕ್ ಅವರನ್ನು ದಾಟಿ ಹೋಯಿತು; ಇವರು ಅದರ ಬಂಪರಿಗೆ ತಾಗುವಷ್ಟು ಹತ್ತಿರ ಹಿಂದೆ ಸೇರಿಕೊಂಡರು. ಒಂಟಿಯಾಗಿ ಓಡುವಾಗ ಬಾರದ ವೇಗ ಇವರ ಕಾರಿಗೆ ಆಗ ಬಂತು. ಮುಂದಿನ ಕಾರು ಗಾಳಿಯನ್ನು ಸೀಳುತ್ತದೆ, ಅದರ ಬೆನ್ನಿಗೆ ಒತ್ತಡ ಕಡಿಮೆಯಾಗುತ್ತದೆ, ಹಿಂದಿನ ಕಾರು ಆ ಜಾಗದಲ್ಲಿ ಹೆಚ್ಚು ಶ್ರಮವಿಲ್ಲದೆ ಓಡುತ್ತದೆ. ರೇಸಿನ ದಿನ ಅವರು ಯಾವ ಪಾಂಟಿಯಾಕ್ ಸಿಕ್ಕರೆ ಅದರ ಬೆನ್ನಿಗಂಟಿಕೊಂಡು ಮೈಲಿಗಳನ್ನು ಕಳೆದರು. ಕೊನೆಗೆ ಮುಂದಿದ್ದ ಬಾಬಿ ಜಾನ್ಸ್ ಅವರ ಪಾಂಟಿಯಾಕ್‌ನ ಹಿಂಬದಿಯ ಗಾಜು ಗಾಳಿಯ ಸೆಳೆತಕ್ಕೆ ಕಿತ್ತು ಹಾರಿ, ಕಾರು ಗಿರಕಿ ಹೊಡೆಯಿತು. ಗೆದ್ದದ್ದು ನಿಧಾನದ ಶೆವರ್ಲೆ. ಅಂದು ಮುಂದಿನ ಕಾರನ್ನಷ್ಟೇ ನೋಡುತ್ತಿದ್ದವರಿಗೆ ಅದು ಬೇಸರದ ರೇಸು. ಜಾನ್ಸನ್ ಅವರನ್ನು ನೋಡುತ್ತಿದ್ದವರಿಗೋ, ಕಡಿಮೆ ಶಕ್ತಿಯ ಕಾರು ಬಲವಾದ ಕಾರುಗಳಿಂದ ವೇಗವನ್ನು ಸಾಲ ಪಡೆಯುವ ವಿದ್ಯೆ ಕಣ್ಣೆದುರೇ ರೂಪುಗೊಳ್ಳುತ್ತಿತ್ತು.

ಹಿರಿಯರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಇಷ್ಟರಿಂದ ಹೇಳಲಾಗದು. ಡೇಟೋನಾದಲ್ಲಿ ನೆರವಾಗುವ ಗಾಳಿಯೇ ಒಂದೂವರೆ ಮೈಲಿಯ ಟ್ರ್ಯಾಕ್‌ಗಳ ತಿರುವುಗಳಲ್ಲಿ ಶತ್ರುವಾಗುತ್ತದೆ. ಮುಂದಿನ ಕಾರು ಕದಡಿದ ಗಾಳಿಯಲ್ಲಿ ಹಿಂದಿನ ಕಾರಿನ ಮೂತಿಯನ್ನು ನೆಲಕ್ಕೊತ್ತುವ ಬಲ ಕುಗ್ಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ, ದಾಟಲಾಗುವುದಿಲ್ಲ. 2022ರಲ್ಲಿ ಬಂದ ಹೊಸ ಮಾದರಿಯ ಕಾರು ಅರ್ಧ ಮೈಲಿಯ ಟ್ರ್ಯಾಕ್‌ಗಳಲ್ಲಿ ದಾಟುವುದನ್ನು ಇನ್ನಷ್ಟು ಕಷ್ಟವಾಗಿಸಿತೆಂಬ ದೂರನ್ನು ಚಾಲಕರೇ ಹೇಳುತ್ತಾರೆ. ನಿಜವಾಗಿಯೂ ನೀರಸವಾದ ರೇಸುಗಳುಂಟು. ಅವುಗಳ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ.

ನಮ್ಮೂರಿನ 600 ಮೈಲಿಯ ರೇಸನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಮೆಮೋರಿಯಲ್ ಡೇ ರಜೆಯ ಹಿಂದಿನ ಭಾನುವಾರ ಇಳಿಬಿಸಿಲಿನಲ್ಲಿ ಆರಂಭವಾಗಿ ದೀಪದ ಬೆಳಕಿನಲ್ಲಿ ಮುಗಿಯುವಾಗ 400 ಸುತ್ತುಗಳಾಗಿರುತ್ತವೆ. ಡಾಂಬರು ಬಿಸಿಯಿದ್ದಾಗ ಸರಿಯಾಗಿದ್ದ ಕಾರು, ಡಾಂಬರು ತಣಿದಂತೆ ಬೇರೆಯೇ ಕಾರಾಗುತ್ತದೆ. ಆಗ ಕಾರುಗಳು ರೇಸಿನ ನಡುವೆ ಬಂದು ನಿಲ್ಲುವ ಪಿಟ್ಟನ್ನು ನೋಡಬೇಕು. ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ನಾಲ್ಕು ಟೈರು ಬದಲಾಗಿ, ಇಂಧನ ತುಂಬುತ್ತಿರುವ ಆ ಗಡಿಬಿಡಿಯ ನಡುವೆ, ಒಬ್ಬಾತ ಹಿಂಬದಿಯ ಗಾಜಿನಲ್ಲಿರುವ ರಂಧ್ರದೊಳಕ್ಕೆ ಉದ್ದನೆಯ ಪಾನಾ ತೂರಿಸಿ ಒಂದು ಸುತ್ತೋ ಅರ್ಧ ಸುತ್ತೋ ತಿರುಗಿಸುತ್ತಾನೆ. ಒಂದು ಸ್ಪ್ರಿಂಗಿನ ಮೇಲಿನ ಒತ್ತಡ ಬದಲಾಗಿ, ಕಾರಿನ ಭಾರ ನಾಲ್ಕು ಚಕ್ರಗಳ ಮೇಲೆ ಬೇರೆ ರೀತಿಯಲ್ಲಿ ಹಂಚಿಕೆಯಾಗುತ್ತದೆ. ಹದಿನೈದನೆಯ ಸ್ಥಾನದಲ್ಲಿ ಒದ್ದಾಡುತ್ತಿದ್ದ ಕಾರು ಆ ಅರ್ಧ ಸುತ್ತಿನಿಂದ ಮುಂದೆ ಸರಿಯತೊಡಗುವುದನ್ನು ಟಿವಿ ತೋರಿಸುವುದಿಲ್ಲ, ಏಕೆಂದರೆ ಟಿವಿ ಮತ್ತೆ ಮುಂದಿನ ಕಾರನ್ನೇ ನೋಡುತ್ತಿರುತ್ತದೆ.

ನಾಸ್ಕಾರ್ ಸಂಸ್ಥೆಗೂ ಪ್ರೇಕ್ಷಕರ ಬೇಸರದ ಭಯವಿದೆ, ಅದಕ್ಕೆ ಅದು ಮಾಡಿಕೊಂಡ ಮದ್ದಿನ ಬಗ್ಗೆ ನನಗೆ ತಕರಾರಿದೆ. 2017ರಿಂದ ಪ್ರತಿ ರೇಸನ್ನೂ ಭಾಗಗಳಾಗಿ ಕತ್ತರಿಸಿ, ಭಾಗ ಮುಗಿದಾಗ ಹಳದಿ ಬಾವುಟ ತೋರಿಸಿ ವೇಗ ತಗ್ಗಿಸಿ ಎಲ್ಲರನ್ನೂ ಒಟ್ಟುಗೂಡಿಸುವ ಪದ್ಧತಿ ಬಂತು. ನೂರು ಸುತ್ತು ಜಾಣತನದಿಂದ ಓಡಿ ಗಳಿಸಿದ ಅಂತರ ಒಂದೇ ಗಳಿಗೆಯಲ್ಲಿ ಕರಗಿಹೋಗುತ್ತದೆ. 2025ರ ನವೆಂಬರಿನಲ್ಲಿ ಫೀನಿಕ್ಸ್‌ನಲ್ಲಿ ವರ್ಷದ ಕೊನೆಯ ರೇಸಿನಲ್ಲಿ ಆದದ್ದು ಎಲ್ಲರಿಗೂ ನೆನಪಿರಬೇಕು. 312 ಸುತ್ತುಗಳೆಂದು ನಿಗದಿಯಾಗಿದ್ದ ರೇಸಿನಲ್ಲಿ 208 ಸುತ್ತು ಮುಂದೆ ನಿಂತು ಓಡಿಸಿದ ಡೆನ್ನಿ ಹ್ಯಾಮ್ಲಿನ್ ಇನ್ನು ಮೂರು ಸುತ್ತಿದ್ದಾಗ ಬಿದ್ದ ಹಳದಿ ಬಾವುಟದಿಂದಾಗಿ ಚಾಂಪಿಯನ್ ಪಟ್ಟ ಕಳೆದುಕೊಂಡರು. ಅಂದು ಒಂದು ಸುತ್ತೂ ಮುಂದಿಲ್ಲದ ಕೈಲ್ ಲಾರ್ಸನ್ ಅವರಿಗೆ ಅದು ದಕ್ಕಿತು. ಬಾವುಟ ಬಿದ್ದದ್ದು ಬೇರೊಬ್ಬರ ಟೈರು ಹಾಳಾದದ್ದರಿಂದ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಇಡೀ ವರ್ಷದ ಪಟ್ಟವನ್ನು ಒಂದೇ ರೇಸಿನ ಕೊನೆಗೆ ಕಟ್ಟಿಹಾಕಿದ್ದ ಆಗಿನ ನಿಯಮ ಪ್ರೇಕ್ಷಕರ ರೋಮಾಂಚನಕ್ಕಾಗಿಯೇ ಮಾಡಿದ್ದು. ಅಂದು ರೋಮಾಂಚನವೇನೋ ಆಯಿತು, ಸಂತೋಷ ಆಗಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆಯೂ ಬರುತ್ತಿದೆ. ಮಾರ್ಟಿನ್ಸ್‌ವಿಲ್‌ನಲ್ಲಿ 2022ರಲ್ಲಿ ರಾಸ್ ಚಾಸ್ಟೈನ್ ಕೊನೆಯ ಸುತ್ತಿನಲ್ಲಿ ಗೋಡೆಗೆ ಕಾರು ಒರಗಿಸಿ ಐದು ಕಾರುಗಳನ್ನು ದಾಟಿದ್ದನ್ನು ನೀವೆಲ್ಲ ಫೋನಿನಲ್ಲಿ ನೋಡಿದ್ದೀರಿ. 2024ರಲ್ಲಿ ಕ್ಯಾನ್ಸಸ್‌ನಲ್ಲಿ 400 ಮೈಲಿ ದಾಟಿದ ಮೇಲೆ ಗೆಲುವಿನ ಅಂತರ 0.001 ಸೆಕೆಂಡ್ ಆಗಿತ್ತು. ಇವುಗಳ ಬಗ್ಗೆ ಬರೆದುಕೊಂಡು ಬಂದಿದ್ದ ಎರಡು ಪುಟಗಳನ್ನು ಬಿಡುತ್ತೇನೆ.

ಈ ಮೇ ತಿಂಗಳಲ್ಲಿ ಹೋಗುವವರು ಬೇಲಿಯ ಪಕ್ಕದ ಸೀಟು ಕೊಳ್ಳಬೇಡಿ, ಅಲ್ಲಿ ಬಣ್ಣ ಮಿಂಚಿ ಮಾಯವಾಗುತ್ತದೆ. ಇಡೀ ಟ್ರ್ಯಾಕ್ ಕಾಣುವ ಮೇಲಿನ ಸಾಲಿನಲ್ಲಿ ಕುಳಿತುಕೊಳ್ಳಿ. ಚಾಲಕರ ರೇಡಿಯೋ ಮಾತುಗಳನ್ನು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ. ಹದಿನೈದನೆಯ ಸ್ಥಾನದ ಸುಮಾರಿಗೆ ಓಡುತ್ತಿರುವ ಯಾವುದಾದರೂ ಒಂದು ಕಾರನ್ನು ಆರಿಸಿಕೊಂಡು, ಅದರ ಚಾಲಕ ಏನೆಂದು ಗೊಣಗುತ್ತಾನೆ, ಪಿಟ್ಟಿನವರು ಏನು ಮಾಡುತ್ತಾರೆ ಎಂಬುದನ್ನು ಕೊನೆಯವರೆಗೂ ಹಿಂಬಾಲಿಸಿ. ಮಕ್ಕಳ ಕಿವಿಗೆ ರಕ್ಷಣೆ ಮರೆಯಬೇಡಿ. ನಮಸ್ಕಾರ.