ನಾಯಕರ ಕಡಲ ಮನೆ ಮತ್ತು ಏರುವ ಕಡಲು

ಕೇಳುಗರಿಗೆ ನಮಸ್ಕಾರ.

ಹವಾಮಾನ ಬದಲಾವಣೆಯ ಮಾತು ಎಲ್ಲಿ ಎತ್ತಿದರೂ ಒಂದು ಸವಾಲು ತಪ್ಪದೆ ಎದುರಾಗುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಕಡಲು ಏರುತ್ತಿದೆ, ಎಚ್ಚರ ಎಂದು ಊರಿಗೆಲ್ಲ ಹೇಳಿದರು. ಅಧಿಕಾರ ಮುಗಿದ ಮೇಲೆ ತಾವೇ ಹೋಗಿ ಕಡಲ ಮಗ್ಗುಲಲ್ಲಿ ಮನೆ ಕೊಂಡರು. ಹಾಗಾದರೆ ಕಡಲೇರುವ ಮಾತನ್ನು ನಾವೇಕೆ ನಂಬಬೇಕು? ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಓಡಾಡಿದ ಈ ಪ್ರಶ್ನೆ ನಮ್ಮ ಹೋಟೆಲು, ಬಸ್‌ಸ್ಟ್ಯಾಂಡುಗಳವರೆಗೂ ಬಂದಿದೆ. ಕೇಳಿದವರನ್ನು ಗದರಿಸಿ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ನುಡಿದಂತೆ ನಡೆಯಬೇಕು ಎಂದು ಎಳವೆಯಿಂದಲೇ ಕೇಳಿ ಬೆಳೆದವರು ನಾವು. ಮುಂದಾಳುಗಳ ನಡೆಯ ಮೇಲೆ ಕಣ್ಣಿಡುವುದು ಸರಿಯೇ. ಆ ಕಣ್ಣು ಯಾವುದರ ಮೇಲಿರಬೇಕು ಎಂಬುದನ್ನು ಇವತ್ತು ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಆ ಮನೆಯ ಸಂಗತಿ. 2008ರ ಜೂನ್‌ನಲ್ಲಿ, ಪಕ್ಷದ ಅಭ್ಯರ್ಥಿ ತಾವೇ ಎಂಬುದು ಖಚಿತವಾದ ರಾತ್ರಿ, ಒಬಾಮ ಒಂದು ಭಾಷಣ ಮಾಡಿದರು. ಸಾಗರಗಳ ಏರಿಕೆ ನಿಧಾನವಾಗತೊಡಗಿದ್ದು ಈ ಗಳಿಗೆಯಿಂದ ಎಂದು ಮುಂದೊಂದು ದಿನ ನಮ್ಮ ಮಕ್ಕಳಿಗೆ ಹೇಳಬಹುದು ಎಂಬ ಅರ್ಥದ ಮಾತು ಅದರಲ್ಲಿತ್ತು. 2019ರ ಡಿಸೆಂಬರ್‌ನಲ್ಲಿ ಅವರ ಕುಟುಂಬ ಮಸಾಚುಸೆಟ್ಸ್ ರಾಜ್ಯದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಮನೆ ಕೊಂಡಿತು. ಬೆಲೆ 1.175 ಕೋಟಿ ಡಾಲರ್, ಆಗಿನ ಲೆಕ್ಕಕ್ಕೆ 80 ಕೋಟಿ ರೂಪಾಯಿಗೂ ಮೇಲೆ. ಜಾಗ ಸುಮಾರು 29 ಎಕರೆ, ಮನೆ 6,900 ಚದರ ಅಡಿಯ ಆಸುಪಾಸು, ಏಳು ಮಲಗುವ ಕೋಣೆ. ಮನೆಯ ಮುಂದೆ ಎಡ್ಗರ್‌ಟೌನ್ ಗ್ರೇಟ್ ಪಾಂಡ್ ಎಂಬ ದೊಡ್ಡ ಹಿನ್ನೀರು. ಅದರಾಚೆ ಮರಳಿನ ತೆಳು ದಂಡೆ. ದಂಡೆಯಾಚೆ ಅಟ್ಲಾಂಟಿಕ್ ಸಾಗರ. ನಮ್ಮ ಕರಾವಳಿಯಲ್ಲಿ ಅಳಿವೆ ಬಾಯಿ ಬಿಡಿಸುವ ಹಾಗೆ, ವರ್ಷದಲ್ಲಿ ಕೆಲವು ಸಲ ಆ ದಂಡೆಯನ್ನು ಯಂತ್ರದಿಂದ ಕಡಿದು ಕಡಲ ನೀರು ಒಳಗೆ ಬರಲು ದಾರಿ ಮಾಡುತ್ತಾರೆ. ನೀರಿನಲ್ಲಿ ಉಪ್ಪು ಇದ್ದರೆ ತಾನೆ ಅಲ್ಲಿನ ಸಿಂಪಿಗಳು ಬದುಕುವುದು. ಇದೇ ದ್ವೀಪದ ಇನ್ನೊಂದು ತುದಿಯಲ್ಲಿ, ಗೇ ಹೆಡ್ ಎಂಬಲ್ಲಿ, ಬುಡದ ಜೇಡಿಮಣ್ಣಿನ ಕಡಿದಾದ ಅಂಚು ಕುಸಿಯುತ್ತಾ ಬಂದದ್ದರಿಂದ 2015ರಲ್ಲಿ ಇಡೀ ದೀಪಸ್ತಂಭವನ್ನು ಸುಮಾರು 130 ಅಡಿ ಹಿಂದಕ್ಕೆ ಜರುಗಿಸಿದರು. ಇಟ್ಟಿಗೆಯ ಆ ಕಟ್ಟಡವನ್ನು ಬಿಚ್ಚಲಿಲ್ಲ, ಹಳಿಯ ಮೇಲೆ ಇಟ್ಟು ಹಾಗೇ ದೂಡಿದರು.

ಒಬಾಮ ಒಬ್ಬರೇ ಅಲ್ಲ. ಜೋ ಬೈಡನ್ 2017ರಲ್ಲಿ ಡೆಲಾವೇರ್ ರಾಜ್ಯದ ರೆಹೋಬೋತ್ ಬೀಚ್‌ನಲ್ಲಿ 27.4 ಲಕ್ಷ ಡಾಲರ್ ಕೊಟ್ಟು ಮನೆ ಕೊಂಡರು. ಸರಾಸರಿ ಎತ್ತರದ ಲೆಕ್ಕದಲ್ಲಿ ಅಮೆರಿಕದಲ್ಲೇ ಅತಿ ತಗ್ಗಿನ ರಾಜ್ಯ ಡೆಲಾವೇರ್. ಹವಾಮಾನ ಬದಲಾವಣೆಯ ಬಗ್ಗೆ ಊರೂರು ಸುತ್ತಿ ಎಚ್ಚರಿಸಿದ ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರ ಹೆಸರೂ ಈ ಪಟ್ಟಿಯಲ್ಲಿ ಸುತ್ತಾಡುತ್ತದೆ. ಆದರೆ 2010ರಲ್ಲಿ ಅವರು ಕೊಂಡ ಕ್ಯಾಲಿಫೋರ್ನಿಯಾದ ಮೊಂಟೆಸಿಟೊ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಅಲ್ಲಿಂದ ಸಮುದ್ರ ಕಾಣುತ್ತದೆ, ಅಷ್ಟೇ.

ಹಾಗಾದರೆ ಈ ಖರೀದಿಗಳಿಂದ ಸಮುದ್ರದ ಬಗ್ಗೆ ಏನು ತಿಳಿಯುತ್ತದೆ? ಏನೂ ತಿಳಿಯುವುದಿಲ್ಲ. 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕಳೆದ ಶತಮಾನದ ಮೊದಲ ಏಳು ದಶಕಗಳಲ್ಲಿ ಏರಿಕೆ ವರ್ಷಕ್ಕೆ 1.3 ಮಿಲಿಮೀಟರ್ ಇತ್ತು. 2006ರಿಂದ 2018ರ ಅವಧಿಯಲ್ಲಿ ಅದು 3.7ಕ್ಕೆ ಹೋಗಿದೆ. ಬಂದರುಗಳ ಅಳತೆಗೋಲುಗಳು ಮತ್ತು 1990ರ ದಶಕದಿಂದ ಈಚೆಗೆ ಉಪಗ್ರಹಗಳು ಬರೆದಿಟ್ಟ ಲೆಕ್ಕ ಇದು. ಯಾರು ಎಲ್ಲಿ ಮನೆ ಕೊಂಡರೂ ಆ ಲೆಕ್ಕ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನೀರು ಬಿಸಿಯಾದಂತೆ ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತದೆ. ಶತಮಾನದ ಕೊನೆಗೆ ಎಷ್ಟು ಏರಬಹುದು ಎಂಬುದು ನಾವು ಎಷ್ಟು ಕಲ್ಲಿದ್ದಲು, ಎಣ್ಣೆ ಸುಡುತ್ತೇವೆ ಎಂಬುದರ ಮೇಲಿದೆ. ಈಗಿನ ಅಂದಾಜು ಸುಮಾರು 28 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ.

ಮನೆ ಕೊಂಡಾಗ ಒಬಾಮ ಅವರಿಗೆ 58 ವರ್ಷ. ಆ ವಯಸ್ಸಿನ ಶ್ರೀಮಂತ ಮನುಷ್ಯ ಇನ್ನು ಇಪ್ಪತ್ತು, ಮೂವತ್ತು ವರ್ಷದ ಬೇಸಿಗೆಗಳನ್ನು ಎಣಿಸಿ ಮನೆ ಕೊಳ್ಳುತ್ತಾನೆ. ಅಷ್ಟರಲ್ಲಿ ಅಮೆರಿಕದ ತೀರದಲ್ಲಿ ನೀರು ಏರುವುದು ಸರಾಸರಿ ಒಂದು ಅಡಿ ಎಂದು ಅಲ್ಲಿನ ಸರ್ಕಾರಿ ವಿಜ್ಞಾನಿಗಳು 2022ರಲ್ಲಿ ಅಂದಾಜು ಕೊಟ್ಟಿದ್ದಾರೆ. ಒಂದು ಅಡಿ ಏರಿದರೆ ದಿಬ್ಬದ ಮೇಲಿನ ಮನೆ ಮುಳುಗುವುದಿಲ್ಲ. ಮುಳುಗುವುದು ತಗ್ಗಿನ ರಸ್ತೆ, ಉಪ್ಪಾಗುವುದು ಬಾವಿ. ಹಾಗೊಂದು ವೇಳೆ ಕೆಟ್ಟದ್ದೇ ಆದರೂ ಇವರಿಗೆ ಬೇರೆ ಕಡೆ ಮನೆ ಇದೆ. ಇಷ್ಟಾದರೂ ನನ್ನ ಅಭಿಪ್ರಾಯ ಕೇಳಿದರೆ, ಒಬಾಮ ಆ ಮನೆ ಕೊಳ್ಳಬಾರದಿತ್ತು. ಜನರನ್ನು ನಂಬಿಸಬೇಕಾದ ಕೆಲಸ ಹೊತ್ತವರಿಗೆ ಅವರ ಮಾತಿನ ತೂಕವೇ ಬಂಡವಾಳ, ಅದನ್ನು ಅವರು ಕಳೆದುಕೊಂಡರು. ಆ ನಷ್ಟ ಆದದ್ದು ಅವರ ಮಾತನ್ನೇ ನೆಚ್ಚಿಕೊಂಡಿದ್ದ ಸಾಮಾನ್ಯರಿಗೆ.

ಈಗ ಇನ್ನೊಂದು ಕಡೆಯವರನ್ನು ನೋಡೋಣ. ಡೊನಾಲ್ಡ್ ಟ್ರಂಪ್ ಭೂಮಿ ಬಿಸಿಯಾಗುವುದು ಬರೀ ಸುಳ್ಳು ಎಂದು ಮತ್ತೆ ಮತ್ತೆ ಹೇಳಿದವರು. 2014ರಲ್ಲಿ ಅವರು ಐರ್ಲೆಂಡಿನ ಕ್ಲೇರ್ ಕೌಂಟಿಯ ಡೂನ್‌ಬೆಗ್‌ನಲ್ಲಿ ಕಡಲಂಚಿನ ಗಾಲ್ಫ್ ರೆಸಾರ್ಟ್ ಕೊಂಡರು. ಆ ಚಳಿಗಾಲದ ಬಿರುಗಾಳಿಗಳು ಅಲ್ಲಿನ ಮರಳ ದಿಬ್ಬಗಳನ್ನು ಕಿತ್ತುಹಾಕಿದ್ದವು. ತೀರದುದ್ದಕ್ಕೂ ಸುಮಾರು 2.8 ಕಿಲೋಮೀಟರ್ ಕಲ್ಲಿನ ತಡೆಗೋಡೆ ಕಟ್ಟಲು ಅನುಮತಿ ಬೇಕೆಂದು ಅವರ ಸಂಸ್ಥೆ 2016ರಲ್ಲಿ ಅಲ್ಲಿನ ಕೌಂಟಿ ಕೌನ್ಸಿಲಿಗೆ ಅರ್ಜಿ ಹಾಕಿತು. ಅರ್ಜಿಯ ಜೊತೆಗಿದ್ದ ಪರಿಸರ ವರದಿಯಲ್ಲಿ ಕಾರಣ ಬರೆದಿದ್ದರು: ಜಾಗತಿಕ ತಾಪಮಾನದಿಂದ ಕಡಲು ಏರುವ ಅಂದಾಜು ನಿಜವಾದರೆ ಕಡಲ್ಕೊರೆತ ಇನ್ನೂ ಹೆಚ್ಚಲಿದೆ. ವೇದಿಕೆಯ ಮೇಲೆ ಅಲ್ಲಗಳೆದದ್ದನ್ನು, ಸ್ವಂತ ಹಣ ಒಡ್ಡಿದ ಜಾಗದಲ್ಲಿ ಕಾಗದದ ಮೇಲೆ ಬರೆದು ಕೊಟ್ಟರು.

ಆ ಗೋಡೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರಳ ದಿಬ್ಬ ಎಂದರೆ ಸುಮ್ಮನೆ ಬಿದ್ದ ಮರಳಲ್ಲ. ಅಲೆ ಒಯ್ಯುತ್ತದೆ, ಗಾಳಿ ತರುತ್ತದೆ, ಹುಲ್ಲು ಹಿಡಿದಿಡುತ್ತದೆ. ಕಲ್ಲು ಹೇರಿದರೆ ಈ ಕೊಡುಕೊಳ್ಳುವಿಕೆ ನಿಂತು, ಗೋಡೆ ಮುಗಿಯುವಲ್ಲಿಂದ ಮುಂದಿನ ತೀರವನ್ನು ಕಡಲು ಕೊರೆಯುತ್ತದೆ. ಡೂನ್‌ಬೆಗ್ ದಿಬ್ಬಗಳಲ್ಲಿ ಎರಡು ಮಿಲಿಮೀಟರಿಗಿಂತ ದೊಡ್ಡದಾಗದ ಒಂದು ಬಸವನಹುಳು ಇದೆ, ಯುರೋಪಿನ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿದೆ. ಅಲೆಸವಾರರು, ಪರಿಸರದವರು ಎದ್ದು ನಿಂತರು. ದೊಡ್ಡ ಗೋಡೆಯ ಅರ್ಜಿ ವಾಪಸಾಯಿತು. ಚಿಕ್ಕ ಗೋಡೆಗಳೆರಡಕ್ಕೆ ಕೌಂಟಿ 2017ರಲ್ಲಿ ಒಪ್ಪಿದರೂ, ಐರ್ಲೆಂಡಿನ ಮೇಲ್ಮನವಿ ಮಂಡಳಿ 2020ರಲ್ಲಿ ಬೇಡವೆಂದಿತು.

ಒಬ್ಬರು ನಂಬುತ್ತೇನೆ ಎಂದು ಹೇಳಿ ಕಡಲ ಮಗ್ಗುಲಲ್ಲಿ ಮನೆ ಕೊಂಡರು, ಇನ್ನೊಬ್ಬರು ನಂಬುವುದಿಲ್ಲ ಎಂದು ಹೇಳಿ ಗೋಡೆ ಕೇಳಿದರು. ಇಬ್ಬರ ಮನೆಯ ವಿಳಾಸ ಹಿಡಿದು ಜಗಳವಾಡಿದರೆ ನಮಗೆ ಏನೂ ದಕ್ಕುವುದಿಲ್ಲ. ರಾಜಕಾರಣಿಯ ಕೈಯಲ್ಲಿ ಸ್ವಂತ ಮನೆಗಿಂತ ದೊಡ್ಡದೊಂದು ಇದೆ: ಬೇರೆಯವರ ಮನೆ ಎಲ್ಲಿ, ಹೇಗೆ, ಯಾರ ದುಡ್ಡಿನಲ್ಲಿ ಇರಬೇಕು ಎಂಬ ನಿಯಮ. ನನ್ನ ಕಣ್ಣು ಅದರ ಮೇಲೆ.

ಒಬಾಮ 2015ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿದ್ದರು. ಕೇಂದ್ರ ಸರ್ಕಾರದ ಹಣದಲ್ಲಿ, ನೆರೆ ನೀರು ನುಗ್ಗುವ ಜಾಗದಲ್ಲಿ ಏನೇ ಕಟ್ಟಿದರೂ ಮುಂದೆ ಏರುವ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡು ಎತ್ತರದಲ್ಲಿ ಕಟ್ಟಬೇಕು ಎಂಬುದು ಅದರ ತಿರುಳು. ಟ್ರಂಪ್ 2017ರ ಆಗಸ್ಟ್ 15ರಂದು ಅದನ್ನು ರದ್ದು ಮಾಡಿದರು. ಹತ್ತು ದಿನಕ್ಕೆ, ಆಗಸ್ಟ್ 25ರಂದು, ಹಾರ್ವೆ ಚಂಡಮಾರುತ ಟೆಕ್ಸಾಸ್ ತೀರಕ್ಕೆ ಅಪ್ಪಳಿಸಿತು. ಹ್ಯೂಸ್ಟನ್ ಮುಳುಗಿತು, ನಷ್ಟ 12,500 ಕೋಟಿ ಡಾಲರ್. ಆ ಆದೇಶ ಇದ್ದಿದ್ದರೂ ಹಾರ್ವೆ ನಿಲ್ಲುತ್ತಿರಲಿಲ್ಲ. ಆದರೆ ಬಿದ್ದ ಶಾಲೆ, ಆಸ್ಪತ್ರೆಗಳನ್ನು ಮತ್ತೆ ಯಾವ ಎತ್ತರಕ್ಕೆ ಕಟ್ಟಬೇಕು ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಇರುತ್ತಿತ್ತು. ಬೈಡನ್ ಅದನ್ನು 2021ರಲ್ಲಿ ಮರಳಿ ತಂದರು, ಟ್ರಂಪ್ 2025ರಲ್ಲಿ ಮತ್ತೆ ತೆಗೆದುಹಾಕಿದರು. ಮಾರ್ಥಾಸ್ ವಿನ್ಯಾರ್ಡ್ ಮನೆಯ ಬಗ್ಗೆ ಆದ ಚರ್ಚೆಯ ಒಂದು ಪಾಲಾದರೂ ಈ ಆದೇಶದ ಬಗ್ಗೆ ನಡೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ ನಡೆದದ್ದು ಇದಕ್ಕಿಂತ ಕಳವಳದ ಸಂಗತಿ. 2100ರ ಹೊತ್ತಿಗೆ ಒಂದು ಮೀಟರ್ ಏರಿಕೆಗೆ ತಯಾರಾಗಿ ಎಂದು ಆ ರಾಜ್ಯದ ಕರಾವಳಿ ಆಯೋಗದ ವಿಜ್ಞಾನಿಗಳು 2010ರಲ್ಲಿ ವರದಿ ಕೊಟ್ಟರು. ಜಮೀನಿನ ಬೆಲೆ ಬಿದ್ದೀತು, ವಿಮೆಯ ಕಂತು ಏರೀತು ಎಂದು ಕರಾವಳಿಯ ಬಿಲ್ಡರುಗಳು ಗಾಬರಿಯಾದರು. 2012ರಲ್ಲಿ ಶಾಸನಸಭೆ ಒಂದು ಕಾನೂನು ತಂದು, ಏರಿಕೆಯ ವೇಗ ಹೆಚ್ಚುತ್ತದೆಂಬ ಅಂದಾಜನ್ನು ನಾಲ್ಕು ವರ್ಷ ಯಾವ ನಿಯಮಕ್ಕೂ ಆಧಾರವಾಗಿ ಬಳಸದಂತೆ ತಡೆಯಿತು. ಅದೇ ರಾಜ್ಯದ ರೊಡಾಂತೆ ಎಂಬ ತೀರದೂರಿನಲ್ಲಿ ಕಂಬದ ಮೇಲೆ ನಿಂತ ಮನೆಗಳು 2020ರಿಂದ ಈಚೆಗೆ ಒಂದೊಂದಾಗಿ ಸಮುದ್ರಕ್ಕೆ ಬೀಳುತ್ತಿವೆ. ಅಲೆ ಬುಡದ ಮರಳನ್ನು ಎಳೆದುಕೊಳ್ಳುತ್ತದೆ, ಒಂದು ಕಂಬ ವಾಲುತ್ತದೆ, ಮನೆ ಹಾಗೇ ಮಂಡಿಯೂರಿ ನೀರಿಗೆ ಕುಸಿಯುತ್ತದೆ. ಮೊಳೆ ಹೊಡೆದ ಹಲಗೆ, ಹಾಸಿಗೆ, ಶೌಚದ ಗುಂಡಿಯ ಹೊಲಸು ಎಲ್ಲ ಮೈಲಿಗಟ್ಟಲೆ ದಂಡೆಗೆ ಬಂದು ಬೀಳುತ್ತವೆ.

ಈ ನಷ್ಟದಲ್ಲಿ ಸಾರ್ವಜನಿಕರ ಪಾಲು ಎಷ್ಟು ಎಂಬುದನ್ನೂ ನೋಡಬೇಕು. 1968ರಲ್ಲಿ ಶುರುವಾದ ಅಮೆರಿಕದ ಸರ್ಕಾರಿ ನೆರೆ ವಿಮೆ ಒಂದು ಮನೆಯ ಕಟ್ಟಡಕ್ಕೆ ಗರಿಷ್ಠ 2.5 ಲಕ್ಷ ಡಾಲರ್ ಕೊಡುತ್ತದೆ. ಪರಿಹಾರ ಕೊಟ್ಟು ಕೊಟ್ಟು ಸಾಲದಲ್ಲಿ ಮುಳುಗಿದ ಆ ಯೋಜನೆಯ 1,600 ಕೋಟಿ ಡಾಲರ್ ಸಾಲವನ್ನು 2017ರಲ್ಲಿ ಸಂಸತ್ತು ಮನ್ನಾ ಮಾಡಿತು. ರೆಹೋಬೋತ್ ಬೀಚಿಗೆ ಸೇನೆಯ ಎಂಜಿನಿಯರಿಂಗ್ ವಿಭಾಗ ಕಡಲ ತಳದಿಂದ ಮರಳು ಎತ್ತಿ ತಂದು ಸುರಿದಿದೆ, ಅದೂ ಆಗಾಗ. ಆ ಮರಳಿನ ಖರ್ಚನ್ನು ಕಡಲನ್ನೇ ನೋಡದ ರೈತನೂ ಕೊಡುತ್ತಾನೆ.

ಅಮೆರಿಕದ ಲೂಸಿಯಾನಾ ರಾಜ್ಯದ ಐಲ್ ದ ಜಾನ್ ಶಾರ್ಲ್ ಎಂಬ ದ್ವೀಪದಲ್ಲಿ ತಲೆತಲಾಂತರದಿಂದ ಮೂಲನಿವಾಸಿ ಮೀನುಗಾರರಿದ್ದರು. ಎಣ್ಣೆ ಕಂಪನಿಗಳು ಅಗೆದ ಕಾಲುವೆ, ನದಿಗೆ ಕಟ್ಟಿದ ಒಡ್ಡು, ಕುಸಿಯುವ ನೆಲ, ಏರುವ ನೀರು ಎಲ್ಲ ಸೇರಿ 1950ರ ದಶಕದಿಂದ ಈಚೆಗೆ ದ್ವೀಪದ 98 ಶೇಕಡಾ ನೆಲ ಹೋಯಿತು. ಹೊರಗೆ ಹೋಗಲು ಇದ್ದದ್ದು ಒಂದೇ ರಸ್ತೆ. ಗಾಳಿ ಜೋರಾದರೆ ಅದರ ಮೇಲೂ ನೀರು, ಮಕ್ಕಳಿಗೆ ಶಾಲೆ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ 4.8 ಕೋಟಿ ಡಾಲರ್ ಮಂಜೂರು ಮಾಡಿತು. ಹೊಸ ಊರಿಗೆ ಮೊದಲ ಕುಟುಂಬಗಳು ಹೋಗಿದ್ದು 2022ರಲ್ಲಿ. ಮಂಜೂರಾತಿಯಿಂದ ಬೀಗದ ಕೈಗೆ ಆರು ವರ್ಷ. ಕಡಲ ಮನೆ ಬಿಡುವುದು ಅಂಥವರಿಗೆ ಹೊಳೆ, ಬಲೆ, ಸಮಾಧಿ, ನೆರೆಹೊರೆ ಎಲ್ಲವನ್ನೂ ಒಟ್ಟಿಗೆ ಬಿಡುವುದು.

ನಮ್ಮ ಕಡೆಗೆ ಬರುತ್ತೇನೆ. 1993ರಿಂದ 2017ರ ಅವಧಿಯಲ್ಲಿ ಹಿಂದೂ ಮಹಾಸಾಗರದ ಉತ್ತರ ಭಾಗ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಉಳ್ಳಾಲ, ಉಚ್ಚಿಲ, ಮರವಂತೆಯ ಕಡಲ್ಕೊರೆತಕ್ಕೆ ಏರುವ ನೀರು ಒಂದೇ ಕಾರಣವಲ್ಲ. ಅಲೆ ತಡೆಯಲು ಕಡಲೊಳಗೆ ಚಾಚಿ ಕಟ್ಟಿದ ಬ್ರೇಕ್‌ವಾಟರ್ ಗೋಡೆ, ನದಿಗಳಿಂದ ಬಾರದ ಮರಳು, ಮಳೆಗಾಲದ ಅಲೆ, ಎಲ್ಲ ಇವೆ. ಏರುವ ನೀರು ಎಲ್ಲಕ್ಕೂ ಬಲ ಕೊಡುತ್ತದೆ. ಪ್ರತಿ ಮಳೆಗಾಲ ತೆಂಗು ಬುಡಮೇಲಾದಾಗ ಲಾರಿಯಲ್ಲಿ ಕಲ್ಲು ಬರುತ್ತದೆ, ಮಂತ್ರಿಗಳು ಬರುತ್ತಾರೆ, ಮುಂದಿನ ಮಳೆಗಾಲಕ್ಕೆ ಕಲ್ಲು ಮರಳಿನೊಳಗೆ ಹೋಗಿರುತ್ತದೆ.

ನಿಯಮದ ಕಥೆ ಕೇಳಿ. ಕರಾವಳಿ ನಿಯಂತ್ರಣ ವಲಯದ, ಅಂದರೆ ಎಲ್ಲರೂ ಸಿಆರ್‌ಝಡ್ ಎನ್ನುವುದರ, ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಹಳ್ಳಿಗಳ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಹೊಸ ಕಟ್ಟಡ ಬೇಡ ಎಂಬ ನಿಯಮ ಅಲ್ಲಿಂದ ಬಂತು. 2019ರ ಜನವರಿಯ ಅಧಿಸೂಚನೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಸ್ಥಳೀಯರಿಗೆ ಮನೆ ಕಟ್ಟಲು ಜಾಗ ಬೇಕು ಎಂಬುದು ಇದಕ್ಕೆ ಕೊಟ್ಟ ಒಂದು ಕಾರಣ; ಅದು ನಿಜವಾದ ಕಷ್ಟವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಒಪ್ಪಲಾಗದ್ದು ಇನ್ನೊಂದು ಸಾಲು. ನೆರೆ, ತೀರ ಕೊರೆದ ಪ್ರಮಾಣ ಮತ್ತು ಕಡಲಮಟ್ಟದ ಏರಿಕೆ ಎಲ್ಲವನ್ನೂ ಲೆಕ್ಕ ಹಾಕಿ ನಮ್ಮ ಸರ್ವೇ ಇಲಾಖೆ ದೇಶದ ಇಡೀ ತೀರಕ್ಕೆ ಒಂದು ಅಪಾಯದ ಗೆರೆ ಗುರುತಿಸಿದೆ. 2011ರ ಅಧಿಸೂಚನೆಯಲ್ಲಿ ಆ ಗೆರೆಗೆ ಕಟ್ಟಡದ ನಿಯಮದೊಳಗೆ ಜಾಗವಿತ್ತು. 2019ರಲ್ಲಿ ಅದನ್ನು ನಿಯಮದಿಂದ ಬಿಡಿಸಿ, ವಿಪತ್ತು ನಿರ್ವಹಣೆಯ ಉಪಯೋಗಕ್ಕೆ ಮಾತ್ರ ಎಂದರು. ನೀರು ಎಲ್ಲಿಯವರೆಗೆ ಬಂದೀತು ಎಂಬುದು ಸರ್ಕಾರಕ್ಕೆ ಗೊತ್ತು. ಅನುಮತಿ ಪತ್ರಕ್ಕೆ ಸಹಿ ಹಾಕುವಾಗ ಅದನ್ನು ನೋಡಲೇಬೇಕೆಂಬ ಕಟ್ಟುಪಾಡು ಇಲ್ಲ.

ಕರಾವಳಿಯಲ್ಲಿ ಓಟು ಕೇಳಲು ಬರುವವರಿಗೆ ನಾನು ಕೇಳಬೇಕೆಂದಿರುವುದು ಇದನ್ನೇ. ನಿಮ್ಮ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ. ಅಪಾಯದ ಗೆರೆಯನ್ನು ಕಟ್ಟಡದ ನಿಯಮಕ್ಕೆ ಮತ್ತೆ ಸೇರಿಸಲು ಸಂಸತ್ತಿನಲ್ಲಿ ಮಾತಾಡುತ್ತೀರಾ? ಗೆರೆಯ ಒಳಗೆ ಈಗಾಗಲೇ ಇರುವ ಮೊಗವೀರರ, ಖಾರ್ವಿಗಳ ಮನೆಗಳಿಗೆ, ಅವರು ಒಪ್ಪಿದರೆ, ಕಡಲಿಗೆ ನಡೆದು ಹೋಗುವಷ್ಟು ದೂರದಲ್ಲೇ ಬೇರೆ ಜಾಗ ಕೊಡಿಸುತ್ತೀರಾ? ಹೊಸ ರೆಸಾರ್ಟುಗಳನ್ನು ಅದೇ ಗೆರೆಯೊಳಗೆ ಬರದಂತೆ ತಡೆಯುತ್ತೀರಾ?

ನಮಸ್ಕಾರ.