ಸೆಲೆನಿಯಂ ಡಬ್ಬಿಗಿಂತ ಮೊದಲು ಫೆರಿಟಿನ್ ನೋಡಿ

ನಮಸ್ಕಾರ. ಥೈರಾಯ್ಡ್ ಬಗ್ಗೆ ಒಂದು ಸಲ ಹುಡುಕಿದರೆ ಸಾಕು, ಸೆಲೆನಿಯಂ ಮಾತ್ರೆಯ ಜಾಹೀರಾತು ಬೆನ್ನು ಬೀಳುತ್ತದೆ, ಅಲ್ವಾ?

ಸೆಲೆನಿಯಂ ಸುಮ್ನೆ ಹೆಸರು ಮಾಡಿದ್ದಲ್ಲ, ಒಪ್ಪುತ್ತೇನೆ. ಥೈರಾಯ್ಡ್ ಹಾರ್ಮೋನ್ ಟಿ4 ಅನ್ನು ಹೆಚ್ಚು ಚುರುಕಾದ ಟಿ3 ಮಾಡುವ ಕಿಣ್ವಗಳಿಗೆ ಅದು ಬೇಕೇ ಬೇಕು. 2002ರಲ್ಲಿ ಜರ್ಮನಿಯಲ್ಲಿ ಹಶಿಮೊಟೊ (ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್‌ಗೆ ಏಟು ಹಾಕುವ ಕಾಯಿಲೆ) ಇದ್ದ ಮಹಿಳೆಯರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಕೊಟ್ಟು ನೋಡಿದರು. ಮೂರು ತಿಂಗಳಲ್ಲಿ ಆ ಏಟಿನ ಗುರುತಾದ ಟಿಪಿಒ ಆಂಟಿಬಾಡಿ ಇಳಿಯಿತು. ಈ ಹುಚ್ಚು ಹಬ್ಬಿದ್ದು ಆಮೇಲೆ. ಆದರೆ ಆಂಟಿಬಾಡಿ ಇಳಿದ ಮಾತ್ರಕ್ಕೆ ಸುಸ್ತು ಹೋಗಬೇಕೆಂದಿಲ್ಲ, ಥೈರಾಯ್ಡ್ ಗುಳಿಗೆಯೂ ನಿಲ್ಲುವುದಿಲ್ಲ.

ರಿಪೋರ್ಟ್‌ನಲ್ಲಿ ಸೆಲೆನಿಯಂ, ಸತು ಕಮ್ಮಿ ಬಂತು ಅನ್ನಿ. ಅದರಿಂದಲೇ ಕಾಯಿಲೆ ಬಂತು ಅನ್ನುವ ಹಾಗಿಲ್ಲ. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಇವೆರಡೂ ತಾವಾಗಿಯೇ ಇಳಿಯುತ್ತವೆ. ಜಾಸ್ತಿಯಾದರೂ ಕಷ್ಟವೇ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಸಪ್ಲಿಮೆಂಟ್‌ಗೆ ತಪ್ಪಿ 200 ಪಟ್ಟು ಸೆಲೆನಿಯಂ ಬಿದ್ದಿತ್ತು. ಕುಡಿದವರ ಕೂದಲು ಉದುರಿತು, ಉಗುರು ಕೆಟ್ಟಿತು. ನಮ್ಮಲ್ಲಿ ಎಷ್ಟೋ ಜನ ಇದನ್ನು ತೆಗೆದುಕೊಳ್ಳುವುದೇ ಕೂದಲು ಉಳಿಸಿಕೊಳ್ಳಲು! (ಗ್ರೇವ್ಸ್‌ನಲ್ಲಿ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯಲ್ಲಿ, ಕಣ್ಣಿನ ತೊಂದರೆ ಸಣ್ಣದಾಗಿ ಶುರುವಾದವರಿಗೆ ಡಾಕ್ಟರೇ ಆರು ತಿಂಗಳು ಬರೆದುಕೊಡಬಹುದು. ಆ ಮಾತು ಬೇರೆ.)

ನನ್ನ ತಕರಾರು ಇಷ್ಟೇ: ಕಬ್ಬಿಣವನ್ನು ಯಾರೂ ಕೇಳುವುದೇ ಇಲ್ಲ. ಥೈರಾಯ್ಡ್ ಹಾರ್ಮೋನ್ ತಯಾರಿಸುವ ಟಿಪಿಒ ಕಿಣ್ವಕ್ಕೆ ಕಬ್ಬಿಣ ಬೇಕು. ಹಶಿಮೊಟೊ ಇರುವ ಕೆಲವರಲ್ಲಿ ಹೊಟ್ಟೆಯ ಒಳಪದರಕ್ಕೂ ಅದೇ ತರಹದ ಏಟು ಬಿದ್ದಿರುತ್ತದೆ. ಆಮ್ಲ ಕಮ್ಮಿಯಾಗಿ, ತಿಂದ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಜನರಿಗೆ ರಕ್ತಹೀನತೆ. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಏರುವ ಅಂಕಿ) ಸರಿಯಿದ್ದೂ ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು ಅನ್ನುವವರು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಉರಿಯೂತದಲ್ಲಿ ಫೆರಿಟಿನ್ ಮೇಲಕ್ಕೆ ಹೋಗುತ್ತದೆ, ಹಾಗಾಗಿ ‘ನಾರ್ಮಲ್’ ಅಂತ ಬಂದರೂ ಡಾಕ್ಟರಿಗೆ ತೋರಿಸಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಯ್ಡ್ ಗುಳಿಗೆ ಜೊತೆ ಬೇಡ. ನಾಲ್ಕು ಗಂಟೆ ಬಿಡಿ. ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಆ ಗುಳಿಗೆಯ ಥೈರಾಕ್ಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಟಿಎಸ್‌ಎಚ್ ಏರುತ್ತದೆ, ನಾವು ಹೋಗಿ ಡೋಸ್ ಜಾಸ್ತಿ ಮಾಡಿಸಿಕೊಂಡು ಬರುತ್ತೇವೆ.