ಬೇಸಿಗೆ ಫೋಟೋ ಯಾಕೆ ಮಸುಕಾಗುತ್ತದೆ? ತುಮಕೂರಿನ ಬಯಲಿನಲ್ಲಿ ಹಕ್ಕಿ, ಕೃಷ್ಣಮೃಗ ಮತ್ತು ಬಿಸಿಗಾಳಿ

[ದೃಶ್ಯ: ಒಣಹುಲ್ಲಿನ ಬಯಲು, ಮಧ್ಯಾಹ್ನ. ದೂರದಲ್ಲಿ ಒಂದು ಗಂಡು ಕೃಷ್ಣಮೃಗ. ಅದರ ಕಾಲುಗಳು ಅಲುಗಾಡಿದಂತೆ ಕಾಣುತ್ತಿವೆ.]

ಈ ಫೋಟೋ ನೋಡಿ. 600 ಎಂಎಂ ಲೆನ್ಸ್. ಟ್ರೈಪಾಡ್ ಮೇಲಿದೆ. ಶಟರ್ ವೇಗ 1/2000 ಸೆಕೆಂಡ್. ಪ್ರಾಣಿ ನಿಂತಲ್ಲೇ ನಿಂತಿದೆ. ಆದರೂ ಕಣ್ಣು ಎಲ್ಲಿದೆ ಅಂತ ಹುಡುಕಬೇಕು. ಕೊಂಬಿನ ತಿರುವುಗಳು ಒಂದರೊಳಗೊಂದು ಸೇರಿಹೋಗಿವೆ.

[ದೃಶ್ಯ: ಅದೇ ಜಾಗ, ಬೆಳಗಿನ ಬೆಳಕು. ಕೊಂಬಿನ ಪ್ರತಿ ಸುತ್ತೂ ಸ್ಪಷ್ಟ.]

ಇದು ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಬಯಲು. ಬದಲಾಗಿದ್ದು ಗಡಿಯಾರ ಮಾತ್ರ. ಮೊದಲನೆಯದು ಮಧ್ಯಾಹ್ನ 12ಕ್ಕೆ ಬೇಕಂತಲೇ ತೆಗೆದದ್ದು, ಇದು ಬೆಳಗ್ಗೆ ಆರೂವರೆಯದ್ದು.

ನಮಸ್ಕಾರ. ಬೇಸಿಗೆಯಲ್ಲಿ ಹಕ್ಕಿ ಫೋಟೋಗೆ ಹೋಗಿ ಬಂದವರು ಜಾಸ್ತಿ ಕೇಳುವುದು ಒಂದೇ: "ಲೆನ್ಸ್ ಹಾಳಾಗಿದೆಯಾ? ಸರ್ವಿಸ್‌ಗೆ ಕೊಡಬೇಕಾ?" ಬೇಡ. ತಪ್ಪು ಲೆನ್ಸಿನದ್ದಲ್ಲ. ನಿಮಗೂ ಹಕ್ಕಿಗೂ ನಡುವೆ ಇರುವ ಗಾಳಿಯದ್ದು. ಇವತ್ತಿನ ಮಾತೆಲ್ಲ ಆ ಗಾಳಿಯ ಬಗ್ಗೆ, ಅದರಿಂದ ತಪ್ಪಿಸಿಕೊಳ್ಳುವುದರ ಬಗ್ಗೆ.

[ದೃಶ್ಯ: ಮಧುಗಿರಿ ತಾಲ್ಲೂಕಿನ ನಕ್ಷೆ, ನಂತರ ಮೈದನಹಳ್ಳಿಯ ಬಯಲು.]

ನಾವಿರುವುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ. 798 ಎಕರೆ ಹುಲ್ಲುಗಾವಲು, ನಡುವೆ ಅಲ್ಲಲ್ಲಿ ನೀಲಗಿರಿ ತೋಪು. 2007ರಲ್ಲಿ ಇದನ್ನು ಕೃಷ್ಣಮೃಗಗಳಿಗಾಗಿ ಮೀಸಲು ಎಂದು ಘೋಷಿಸಿದರು. ಆಂಧ್ರದ ಗಡಿ ಪಕ್ಕದಲ್ಲೇ. ನೆರಳು ಬೇಕು ಅಂದರೆ ಹುಡುಕಬೇಕು. ಅಂದರೆ ಬಿಸಿಗಾಳಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ!

ಈಗ ವಿಷಯಕ್ಕೆ ಬರೋಣ. ಬಿಸಿಲು ಗಾಳಿಯನ್ನು ನೇರವಾಗಿ ಅಷ್ಟೇನೂ ಕಾಯಿಸುವುದಿಲ್ಲ. ಅದು ನೆಲವನ್ನು ಕಾಯಿಸುತ್ತದೆ, ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಕಾದ ದೋಸೆ ಕಲ್ಲಿನ ಆಚೆ ಇರುವ ಗೋಡೆ ಅಲುಗಾಡಿದ ಹಾಗೆ ಕಾಣುತ್ತದಲ್ವಾ, ಅದೇ ಇದು. ಕಾದ ಗಾಳಿ ಹಗುರ, ಮೇಲೇಳುತ್ತದೆ. ತಂಪು ಗಾಳಿ ಆ ಜಾಗಕ್ಕೆ ಇಳಿಯುತ್ತದೆ. ಬಿಸಿ ಗಾಳಿಯಲ್ಲಿ ಬೆಳಕು ಬಾಗುವ ಪ್ರಮಾಣವೇ ಬೇರೆ, ತಂಪು ಗಾಳಿಯಲ್ಲಿ ಬೇರೆ. ಹಕ್ಕಿಯಿಂದ ಹೊರಟ ಬೆಳಕು ಇಂಥ ನೂರಾರು ಬಿಸಿ-ತಂಪು ತುಣುಕುಗಳನ್ನು ದಾಟಿ ಬರಬೇಕು. ಪ್ರತಿಯೊಂದರಲ್ಲೂ ಚೂರು ಚೂರು ಬಾಗುತ್ತಾ ಬರುತ್ತದೆ. ಡಾಂಬರು ರಸ್ತೆ ಮೇಲೆ ಕಾಣುವ ಬಿಸಿಲ್ಗುದುರೆಗೂ ಕಾರಣ ಇದೇ.

ಬರಿಗಣ್ಣಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ 600 ಎಂಎಂ ಲೆನ್ಸ್ ನೋಡುವುದು ಮೂಲೆಯಿಂದ ಮೂಲೆಗೆ ಸುಮಾರು 4 ಡಿಗ್ರಿಯನ್ನು ಮಾತ್ರ. ಆ ಸಣ್ಣ ತುಣುಕನ್ನೇ ಇಡೀ ಫ್ರೇಮಿಗೆ ಹಿಗ್ಗಿಸುತ್ತದೆ. ಹಕ್ಕಿ ದೊಡ್ಡದಾದ ಹಾಗೆ ಗಾಳಿಯ ಅಲುಗಾಟವೂ ದೊಡ್ಡದಾಗುತ್ತದೆ. ಅದಕ್ಕೇ ಲೆನ್ಸಿಗೆ ಟೆಲಿಕನ್ವರ್ಟರ್, ಅಂದರೆ ಚಿತ್ರವನ್ನು ಇನ್ನೂ ಹಿಗ್ಗಿಸುವ ಜೋಡಣೆ, ಸಿಕ್ಕಿಸಿದರೆ ಬೇಸಿಗೆ ಮಧ್ಯಾಹ್ನ ಉಪಯೋಗ ಇಲ್ಲ. ಮಸುಕನ್ನೇ ಇನ್ನೂ ಹತ್ತಿರದಿಂದ ನೋಡುತ್ತೀರಿ, ಅಷ್ಟೇ.

[ದೃಶ್ಯ: ಕ್ಯಾಮೆರಾ ಪರದೆ. ಫೋಕಸ್ ಚೌಕ ಹಿಂದೆ ಮುಂದೆ ತಡಕಾಡುತ್ತಿದೆ.]

ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ಕೇಳಬಹುದು. ಅದು ನಿಮ್ಮ ಕೈ ನಡುಗಿದರೆ ಸರಿಮಾಡುತ್ತದೆ. ಗಾಳಿ ನಡುಗಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಶಟರ್ ವೇಗ ಜಾಸ್ತಿ ಮಾಡಿದರೆ? ಸೊಟ್ಟಗಾದ ಚಿತ್ರವನ್ನೇ ಚೆನ್ನಾಗಿ ಹಿಡಿಯುತ್ತೀರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿದರೆ ಇನ್ನೂ ಕೆಟ್ಟದು, ಗರಿಗಳು ಹುಳು ಹರಿದಾಡಿದ ಹಾಗೆ ಕಾಣುತ್ತವೆ. ಆಟೋಫೋಕಸ್‌ಗೂ ಇದೇ ಗೋಳು. ಅಂಚು ಅಲುಗಾಡುತ್ತಿದ್ದರೆ ಅದು ಎಲ್ಲಿ ಅಂತ ನಿಲ್ಲಬೇಕು?

ಹಾಗಾದರೆ ಮಾಡುವುದೇನು? ಮೊದಲು ದೂರ ಕಡಿಮೆ ಮಾಡಿ. 200 ಮೀಟರ್ ಆಚೆ ಇರುವ ಕೃಷ್ಣಮೃಗವನ್ನು ಮಧ್ಯಾಹ್ನ ಬಿಟ್ಟುಬಿಡಿ. 20 ಮೀಟರ್ ದೂರದ ಬೇಲಿ ಮೇಲೆ ಕೂತ ಕಳ್ಳಿಪೀರವನ್ನು ತೆಗೆಯಿರಿ. ಅಷ್ಟು ಹತ್ತಿರದಲ್ಲಿ ಬೆಳಕು ದಾಟಬೇಕಾದ ಬಿಸಿಗಾಳಿಯೇ ಕಡಿಮೆ. ಹತ್ತಿರ ಅಂದರೆ ಪ್ರಾಣಿಯ ಹಿಂದೆ ನಡೆದು ಹೋಗುವುದು ಅಂತಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ. ಹಕ್ಕಿ ಫೋಟೋ ಕಲಿಸುವವರೆಲ್ಲ ಮೊದಲು ಹೇಳುವುದು "ಮಲಗಿ ತೆಗೆಯಿರಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬನ್ನಿ" ಅಂತ. ಒಳ್ಳೆಯ ಮಾತೇ. ನಾನೂ ಹೇಳುತ್ತೇನೆ. ಆದರೆ ಅದು ಬೆಳಗಿನ ಮಾತು. ನೆಲಕ್ಕೆ ತಾಗಿದ ಗಾಳಿಯೇ ಎಲ್ಲಕ್ಕಿಂತ ಬಿಸಿ. 10 ಗಂಟೆ ಮೇಲೆ ನೆಲಗುಬ್ಬಿಯನ್ನು ಮಲಗಿ ತೆಗೆದರೆ ಆ ಪದರದ ಒಳಗಿಂದಲೇ ನೋಡಿದ ಹಾಗೆ. ಆಗ ಎದ್ದು ನಿಲ್ಲಿ. ಸಾಧ್ಯವಾದರೆ ದಿಬ್ಬ ಹತ್ತಿ. ಹಿನ್ನೆಲೆ ಅಷ್ಟು ಚೆಂದ ಬರುವುದಿಲ್ಲ, ನಿಜ. ಹಿನ್ನೆಲೆ ಚೆಂದ ಇದ್ದು ಹಕ್ಕಿಯ ಕಣ್ಣೇ ಇಲ್ಲದಿದ್ದರೆ ಏನು ಪ್ರಯೋಜನ?

[ದೃಶ್ಯ: ರಸ್ತೆ ಬದಿ ನಿಂತ ಕಾರು. ಕಿಟಕಿಯಿಂದ ಹೊರಬಂದ ಲೆನ್ಸ್, ಕೆಳಗೆ ಬಟ್ಟೆಯ ಚೀಲ.]

ಕಾರಿನಿಂದ ತೆಗೆಯುವವರಿಗೆ ಒಂದು ಮಾತು. ಹಕ್ಕಿಗಳು ಕಾರಿಗೆ ಅಷ್ಟು ಹೆದರುವುದಿಲ್ಲ, ಹಾಗಾಗಿ ಕಾರು ಒಳ್ಳೆಯ ಮರೆ. ಆದರೆ ಎಸಿ ಹಾಕಿಕೊಂಡು ಬಂದು, ಗಾಜು ಇಳಿಸಿ, ತಕ್ಷಣ ಕ್ಲಿಕ್ ಮಾಡಿದರೆ ಮಸುಕು ಗ್ಯಾರಂಟಿ. ಒಳಗಿನ ತಂಪು ಗಾಳಿ, ಹೊರಗಿನ ಬಿಸಿ ಗಾಳಿ ಎರಡೂ ಸರಿಯಾಗಿ ಲೆನ್ಸಿನ ಮುಂದೆಯೇ ಸೇರುತ್ತವೆ. ಜಾಗ ತಲುಪುವ ಮೊದಲೇ ಎಸಿ ಆರಿಸಿ, ಎಲ್ಲ ಗಾಜು ಇಳಿಸಿ. ಎಂಜಿನ್ನೂ ಆರಿಸಿ. ಬಾನೆಟ್ ಮೇಲಿಂದ ಮಾತ್ರ ತೆಗೆಯಲೇಬೇಡಿ.

ಟೈಮಿನ ಬಗ್ಗೆ. ಏಪ್ರಿಲಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ಆಸುಪಾಸು. ಅಲ್ಲಿಂದ ಎಂಟೂವರೆವರೆಗೆ ದೂರದ ಫೋಟೋ. ಆಮೇಲೆ ಹತ್ತಿರದ್ದು. ಸಂಜೆ ಐದರ ಮೇಲೆ ನೆಲ ಆರುತ್ತಾ ಬರುತ್ತದೆ, ಆಗ ಮತ್ತೆ ದೂರಕ್ಕೆ ಹೋಗಬಹುದು. ನಡುವೆ ಮೋಡ ಬಂದರೆ ಬಿಡಬೇಡಿ. ನೆಲಕ್ಕೆ ಬಿಸಿಲು ತಪ್ಪಿದ ಕೆಲವೇ ನಿಮಿಷದಲ್ಲಿ ಅಲುಗಾಟ ಇಳಿಯುತ್ತದೆ. ಇನ್ನು ಭರಣಿ ಮಳೆ ಬಿದ್ದ ಮರುದಿನ ಬೆಳಗ್ಗೆ ಏನೇ ಕೆಲಸ ಇದ್ದರೂ ಹೊರಡಿ. ಧೂಳು ಕೂತಿರುತ್ತದೆ, ನೆಲ ಒದ್ದೆ ಇರುತ್ತದೆ. ಬೇಸಿಗೆಯಲ್ಲಿ ಅಂಥ ಗಾಳಿ ಸಿಗುವುದು ಅಪರೂಪ.

ಸೆಟ್ಟಿಂಗ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೂತ ಹಕ್ಕಿಗೆ ಶಟರ್ ವೇಗ 1/500 ಸಾಕು, ಹಾರುವುದಕ್ಕೆ 1/2000 ಅಥವಾ ಮೇಲೆ. ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್, ಇಟ್ಟುಕೊಳ್ಳಿ. ಬರ್ಸ್ಟ್ ಹಾಕಿ, ಒಂದರ ಹಿಂದೆ ಒಂದು ಫ್ರೇಮ್ ಬರಲಿ. ಗಾಳಿ ಒಂದೇ ಸಮ ಕದಡುವುದಿಲ್ಲ. ಹತ್ತು ಫ್ರೇಮಿನಲ್ಲಿ ಒಂದೆರಡು ತಿಳಿಯಾಗಿ ಬಂದುಬಿಡುತ್ತವೆ. ಗಂಡು ಕೃಷ್ಣಮೃಗದ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಬಿಳಿ ಸುಟ್ಟುಹೋಗದಂತೆ ನೋಡಿಕೊಳ್ಳಿ, ಕಪ್ಪನ್ನು ಆಮೇಲೆ ಎತ್ತಬಹುದು. ಬಿಸಿಲಲ್ಲಿ ಪರದೆ ನೋಡಿ ನಂಬಬೇಡಿ, ಫೋಟೋದಲ್ಲಿ ಕಪ್ಪು-ಬಿಳಿ ಎಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಂ ನೋಡಿ.

[ದೃಶ್ಯ: ಶಿರಾ ತಾಲ್ಲೂಕು, ಕಗ್ಗಲಡು. ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ.]

ಈಗ ಕಗ್ಗಲಡುಗೆ ಬರೋಣ. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಬೇಸಿಗೆ ಫೋಟೋಗೆ ನನ್ನನ್ನು ಕೇಳಿದರೆ ಜಿಲ್ಲೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಕಾರಣ ಗೊತ್ತಾಯಿತಲ್ವಾ? ನೀವು ನೋಡುವುದು ಮೇಲಕ್ಕೆ, ಅದೂ ಹತ್ತಿರಕ್ಕೆ. ನೆಲದ ಬಿಸಿಗಾಳಿ ನಿಮ್ಮ ದಾರಿಗೆ ಅಡ್ಡ ಬರುವುದು ಕಡಿಮೆ. ಬಯಲಲ್ಲಿ ಕೆಲಸ ಮುಗಿಯುವ ಹೊತ್ತಿನಲ್ಲೂ ಇಲ್ಲಿ ಒಳ್ಳೆಯ ಫೋಟೋ ಸಿಗುತ್ತದೆ.

ಬಿಸಿಲು ಏರಿದ ಮೇಲೆ ಇಲ್ಲಿ ನೋಡುವುದಕ್ಕೂ ಜಾಸ್ತಿ ಇದೆ. ಹಕ್ಕಿಗಳಿಗೆ ಬೆವರು ಇಲ್ಲ. ಹಾಗಾಗಿ ಮೈ ತಂಪು ಮಾಡಿಕೊಳ್ಳಲು ಅವುಗಳದ್ದೇ ದಾರಿಗಳಿವೆ. ಬಕದ ಗಂಟಲು ನೋಡಿ.

[ದೃಶ್ಯ: ಬೂದು ಬಕದ ಕತ್ತು ಹತ್ತಿರದಿಂದ. ಕೊಕ್ಕು ತೆರೆದಿದೆ, ಗಂಟಲ ಚರ್ಮ ಪಟಪಟ ಅದುರುತ್ತಿದೆ.]

ಇದು ಕೂಗುತ್ತಿಲ್ಲ. ಗಂಟಲ ತೆಳು ಚರ್ಮವನ್ನು ಅದುರಿಸಿ, ಒಳಗಿನ ತೇವ ಆರುವಂತೆ ಮಾಡಿ, ಮೈಯ ಕಾವು ಇಳಿಸುತ್ತಿದೆ. ಇದನ್ನು ಫೋಟೋಗಿಂತ ವಿಡಿಯೋದಲ್ಲಿ ಹಿಡಿಯುವುದು ಒಳ್ಳೆಯದು. ಕೊಕ್ಕರೆಯ ಕಾಲು ಕೆಲವೊಮ್ಮೆ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಅದು ಅದರದ್ದೇ ಹಿಕ್ಕೆ. ನೀರು ನೀರಾದ ಹಿಕ್ಕೆಯನ್ನು ಬೇಕಂತಲೇ ಕಾಲ ಮೇಲೆ ಹಾಕಿಕೊಳ್ಳುತ್ತದೆ. ಅದು ಆರುವಾಗ ಕಾಲಿನಲ್ಲಿ ಹರಿಯುವ ರಕ್ತ ತಂಪಾಗುತ್ತದೆ. ಅಸಹ್ಯ ಅನ್ನಬೇಡಿ, ಬಿಸಿಲಲ್ಲಿ ಅದಕ್ಕೆ ಅದೇ ಫ್ಯಾನು!

ನನಗೆ ಎಲ್ಲಕ್ಕಿಂತ ಇಷ್ಟ ಇನ್ನೊಂದು. ತಾಯಿಯೋ ತಂದೆಯೋ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ನಿಂತುಬಿಡುತ್ತದೆ. ಮರಿಗಳು ಆ ನೆರಳಲ್ಲಿ. ಬಾಲದ ಹತ್ತಿರದ ಗುಲಾಬಿ ಗರಿಗಳೂ ಆಗ ಚೆನ್ನಾಗಿ ಕಾಣುತ್ತವೆ. ಬಿಳಿ ಮೈ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ ತೆಗೆಯಿರಿ.

ಹತ್ತಿರ ಹೋಗುವ ಮಾತು ಆಗ ಅರ್ಧಕ್ಕೆ ಬಿಟ್ಟಿದ್ದೆ. ಈ ನೆರಳನ್ನು ನೋಡಿದ ಮೇಲೆ ಅದು ಸುಲಭವಾಗಿ ಅರ್ಥವಾಗುತ್ತದೆ. ಹಾರುವ ಫೋಟೋ ಬೇಕು ಅಂತ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕಲ್ಲು ಎಸೆಯುತ್ತಾರೆ. ಈಗೀಗ ಡ್ರೋನ್ ಬೇರೆ. ದೊಡ್ಡ ಹಕ್ಕಿ ಎದ್ದು ಹೋದ ಕ್ಷಣದಿಂದ ಮರಿಯ ಮೈಮೇಲೆ ನೇರ ಬಿಸಿಲು. ಗರಿ ಬಾರದ ಮರಿ ಅದನ್ನು ಜಾಸ್ತಿ ಹೊತ್ತು ತಾಳುವುದಿಲ್ಲ. ಊರಿನವರು ತಮ್ಮ ಮರಗಳಲ್ಲಿ ಈ ಹಕ್ಕಿಗಳಿಗೆ ಜಾಗ ಕೊಟ್ಟಿದ್ದಾರೆ. ನಾವು ಒಂದು ಫೋಟೋಗೆ ಅವನ್ನು ಎಬ್ಬಿಸುವುದು ಸರಿಯಲ್ಲ.

ಬಯಲಲ್ಲಿ ಟಿಟ್ಟಿಭಕ್ಕೂ ಇದೇ ಕಷ್ಟ. ಅದು ಬರಿ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಕಲ್ಲಿನ ಬಣ್ಣದ್ದೇ. ಕೆರೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ, ತಂಪಾಗಲಿ ಅಂತ. ನಿಮ್ಮ ತಲೆ ಮೇಲೆ ಅರಚುತ್ತಾ ಸುತ್ತುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ. ಕಾಲ ಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋಗಿ. ಕೃಷ್ಣಮೃಗವನ್ನು ಕಾರಿನಲ್ಲಿ ಅಟ್ಟುವುದಂತೂ ಸುಮ್ನೆ ಕೆಟ್ಟ ಕೆಲಸವಲ್ಲ, ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ. ಹತ್ತಿರ ಬೇಕಾದರೆ ಕೂತು ಕಾಯಿರಿ. ನೀರಿರುವ ಕಡೆ, ನೆರಳಲ್ಲಿ, ಅಲುಗಾಡದೆ. ಬೇಸಿಗೆಯಲ್ಲಿ ನೀರು ಬತ್ತಿದಷ್ಟೂ ಉಳಿದ ನೀರಿಗೆ ಎಲ್ಲರೂ ಬರಲೇಬೇಕು. ಆದರೆ ನೀರಿಗೆ ತೀರಾ ಅಂಟಿಕೊಂಡು ಕೂರಬೇಡಿ. ನೀವಿದ್ದೀರಿ ಅಂತ ಕುಡಿಯದೇ ವಾಪಸ್ ಹೋದರೆ ಅವಕ್ಕೆ ಬೇರೆ ಕೆರೆ ದೂರ.

[ದೃಶ್ಯ: ದೇವರಾಯನದುರ್ಗದ ಬಂಡೆಗಳು, ಕುರುಚಲು ಕಾಡು.]

ಬೆಟ್ಟ ಇಷ್ಟಪಡುವವರಿಗೆ ದೇವರಾಯನದುರ್ಗ ಇದೆ. ಇಲ್ಲಿಯ ವಿಶೇಷ ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ, ದಯವಿಟ್ಟು. ಬಂಡೆ ಕಾದರೆ ಅದರ ಮೇಲಿನ ಗಾಳಿಯೂ ಕಾಯುತ್ತದೆ. ಹಾಗಾಗಿ ಬಂಡೆ ಮೇಲೆ ಹಾದು ಹೋಗುವ ನೋಟ ಬಿಡಿ. ನೆರಳಿರುವ ಇಳಿಜಾರು, ಹಣ್ಣು ಬಿಟ್ಟ ಮರ ನೋಡಿ ಕೂತುಕೊಳ್ಳಿ. ಚಿರತೆ, ಕರಡಿ ಇರುವ ಕಾಡು ಇದು. ದಾರಿ ಬಿಟ್ಟು ಒಳಗೆ ನುಗ್ಗಬೇಡಿ.

ನಿಮ್ಮ ಬಗ್ಗೆಯೂ ಸ್ವಲ್ಪ. ನೀರು, ಉಪ್ಪು ಹಾಕಿದ ಮಜ್ಜಿಗೆ, ಟೋಪಿ, ತುಂಬು ತೋಳಿನ ಅಂಗಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಫೋಟೋ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬನ್ನಿ. ಕಪ್ಪು ಕ್ಯಾಮೆರಾ ಬೇಗ ಕಾಯುತ್ತದೆ. ಕೆಲಸ ಇಲ್ಲದಾಗ ಮೇಲೆ ಬಿಳಿ ಬಟ್ಟೆ ಹಾಕಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಒಣಹುಲ್ಲಿನಲ್ಲಿ ಮಲಗುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಕೊಳಕುಮಂಡಲ ಹಾವು ಹುಲ್ಲಿನ ಬಣ್ಣದಲ್ಲೇ ಸೇರಿಹೋಗಿರುತ್ತದೆ.

[ದೃಶ್ಯ: ಊರ ಹೆಸರಿನ ಹಳದಿ ಬೋರ್ಡ್. ಬೆಳಗಿನದ್ದು ಎಡಕ್ಕೆ, ಮಧ್ಯಾಹ್ನದ್ದು ಬಲಕ್ಕೆ.]

ಕೊನೆಗೆ ಒಂದು ಪರೀಕ್ಷೆ. ಇದಕ್ಕೆ ಹಕ್ಕಿಯೂ ಬೇಡ. ನಿಮ್ಮೂರ ಹೊರಗಿನ ಹೆಸರಿನ ಬೋರ್ಡನ್ನು ಬೆಳಗ್ಗೆ 7ಕ್ಕೆ 25, 50, 100, 200 ಮೀಟರಿನಿಂದ ಫೋಟೋ ತೆಗೆಯಿರಿ. ಮಧ್ಯಾಹ್ನ 12ಕ್ಕೆ ಅದೇ ಜಾಗಗಳಿಂದ ಮತ್ತೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ. ಮಧ್ಯಾಹ್ನದ ಫೋಟೋದಲ್ಲಿ ಎಷ್ಟು ಮೀಟರಿನಿಂದ ಅಕ್ಷರದ ಅಂಚು ಕದಡಲು ಶುರುವಾಯಿತೋ, ಬಿಸಿಲು ಏರಿದ ಮೇಲೆ ಅದಕ್ಕಿಂತ ದೂರದ ಹಕ್ಕಿಗೆ ಬೈನಾಕ್ಯುಲರ್ ಸಾಕು.